ಎಂಟೂ ಮುಕ್ಕಾಲರ ಬಸ್ಸು

ಓಣಂ ರಜೆ ಮುಗಿದು ಕಾಲೇಜು ತೆರೆಯುವ ದಿನ ಆ ಹುಡುಗಿ ಬಾರದೆ ಇರಬಹುದಿತ್ತು. ಹೊಸಂಗಡಿಯವರೆಗೆ ಬಂದರೂ ನಮ್ಮ ಬಸ್ಸು ಹತ್ತದೆ, ಹೆದ್ದಾರಿಯ ಆಚೆ ಬದಿಯ ಫ್ಯಾನ್ಸಿ ಅಂಗಡಿಗೆ ಕೆಲಸಕ್ಕೆ ಹೋಗಬಹುದಿತ್ತು. ಕೈಯಲ್ಲಿದ್ದ ನೋಟ್ ಪುಸ್ತಕವನ್ನು ಬೇರೆ ಯಾರೊಡನೆಯೋ ಕೊಟ್ಟು ಕಳುಹಿಸಬಹುದಿತ್ತು. ಖಾಸಗಿ ಬಸ್ಸಿನವರು ಮುಷ್ಕರ ಹೂಡಬಹುದಿತ್ತು. ಮಳೆಯೆಂದು ಕಲೆಕ್ಟರು ರಜೆ ಸಾರಿ, ಹತ್ತು ದಿನದ ರಜೆ ಹನ್ನೊಂದಾಗಿ, ಆ ಹನ್ನೊಂದನೆಯ ದಿನ ಅವಳ ಮನಸ್ಸು ಪೂರ್ತಿ ತಿರುಗಬಹುದಿತ್ತು. ಅವಳಿಗಾಗಿ ಕಾಯಬೇಕಾದವಳಿಗೇ ಜ್ವರ ಬರಬಹುದಿತ್ತು. ನನಗೆ ಎದೆನೋವು ಬರಬಹುದಿತ್ತು. ಈ ಕೊನೆಯದು ನನ್ನ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಈ ಪಟ್ಟಿಗೆಂದು ವಿಶೇಷವಾಗಿ ಸೇರಿಸಿದ್ದಲ್ಲ.

ಬೆಳಿಗ್ಗೆ ಆರಕ್ಕೇ ಸ್ನಾನ ಮುಗಿಸಿ ಅಂಗಿ ತೊಟ್ಟು ಕೂತ ನನ್ನನ್ನು ನೋಡಿ ಹೆಂಡತಿ, ನಮ್ಮ ಮಗಳು ಕಾಲೇಜು ಸೇರಿದ ದಿನವೂ ನೀವು ಇಷ್ಟು ಬೇಗ ಎದ್ದದ್ದು ಕಾಣಲಿಲ್ಲ ಎಂದಳು. ಅದು ನಿಜ. ಆ ದಿನ ನಾನು ಮಲಗಿಯೇ ಹೆದರುತ್ತಿದ್ದೆ.

ನಾನು ಒಳನಾಡಿನ ಒಂದು ಚಿಕ್ಕ ಕಾಲೇಜಿನಲ್ಲಿ ಕಾಮರ್ಸ್ ಕಲಿಸುವವನು. ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ಬೈಗುಳ ಕನ್ನಡದಲ್ಲಿ. ಪ್ಲಸ್ ಟೂವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಮೊದಲ ಕೆಲವು ವಾರ ಬೈಗುಳವಷ್ಟೇ ತಿಳಿಯುತ್ತದೆ. ಅವರನ್ನು ಗುರುತಿಸುವುದು ಸುಲಭ. ತರಗತಿಯಲ್ಲಿ ತಮಾಷೆಗೆ ಎಲ್ಲರೂ ನಕ್ಕ ಮೇಲೆ ಅರ್ಧ ಕ್ಷಣ ತಡವಾಗಿ ನಗುತ್ತಾರೆ. ಓಣಂ ರಜೆಗೆ ಮನೆಗೆ ಹೋದವರಲ್ಲಿ ಇಬ್ಬರೋ ಮೂವರೋ ಮತ್ತೆ ಬರುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸ್ವಲ್ಪ ದಿನ ಗೈರುಹಾಜರಿ ಹಾಕುತ್ತೇವೆ, ಆಮೇಲೆ ಗೆರೆ ಎಳೆಯುತ್ತೇವೆ.

ಈ ಸಲ ಹಾಗಾಗದಂತೆ ಎರಡನೇ ವರ್ಷದವರನ್ನು ಮೊದಲ ವರ್ಷದವರಿಗೆ ಜೊತೆ ಮಾಡುವುದೆಂದು ತೀರ್ಮಾನವಾಯಿತು. ಜವಾಬ್ದಾರಿ ನನ್ನ ತಲೆಗೆ ಬಂತು. ಚಿಂತೆ ಮಾಡುವ ಕೆಲಸಗಳೆಲ್ಲ ಸ್ಟಾಫ್ ರೂಮಿನಲ್ಲಿ ತಾವಾಗಿಯೇ ನನ್ನ ಮೇಜಿಗೆ ಬರುತ್ತವೆ. ನಾನು ಎರಡು ರಾತ್ರಿ ನಿದ್ದೆಗೆಟ್ಟು ಅಂಕ, ವಿಷಯ, ಮನೆಮಾತು ಎಲ್ಲವನ್ನೂ ತೂಗಿ ಮೂರು ಬಣ್ಣದ ಶಾಯಿಯಲ್ಲಿ ಒಂದು ಪಟ್ಟಿ ಮಾಡಿದೆ. ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಬಂದ್ಯೋಡಿನವಳು, ಮನೆಮಾತು ತುಳು, ಮುಲಾಜಿಲ್ಲದ ನಾಲಿಗೆ.

ಅವಳು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, "ಇವರ ಬಸ್ಸು ಬೇರೆ ಬೇರೆ ಅಲ್ವಾ ಸರ್? ಮತ್ತೆ ಮಾತಾಡುದು ಯಾವಾಗ?" ಎಂದಳು.

ಅದು ನನಗೆ ಹೊಳೆದಿರಲಿಲ್ಲ. ನಮ್ಮ ಮಕ್ಕಳಿಗೆ ಕಾಲೇಜಿನಲ್ಲಿ ಬಿಡುವೆಂಬುದಿಲ್ಲ. ಕೊನೆಯ ಗಂಟೆ ಹೊಡೆದರೆ ಬಸ್ಸಿಗೆ ಓಟ. ಬಿಡುವು ಇರುವುದು ಬಸ್ಸಿನಲ್ಲೇ, ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ. ಮೂರು ಬಣ್ಣದ ಪಟ್ಟಿ ಕಸದ ಬುಟ್ಟಿಗೆ ಹೋಯಿತು. ಅವಳೇ ಬೆಂಚಿನಲ್ಲಿ ಕೂತು ಬದಿಯಡ್ಕ ಬಸ್ಸಿನವರು, ಹೊಸಂಗಡಿ ಬಸ್ಸಿನವರು ಎಂದು ಹತ್ತು ನಿಮಿಷದಲ್ಲಿ ಜೊತೆ ಮಾಡಿಬಿಟ್ಟಳು. ತನ್ನ ಪಾಲಿಗೆ ಮಂಜೇಶ್ವರದ ಕಡೆಯಿಂದ ಬರುವ ಮೊದಲ ವರ್ಷದ ಒಬ್ಬಳನ್ನು ಇಟ್ಟುಕೊಂಡಳು. ಅರ್ಧ ಕ್ಷಣ ತಡವಾಗಿ ನಗುವವರಲ್ಲಿ ಆ ಹುಡುಗಿಯೂ ಒಬ್ಬಳು.

ಓಣಂ ರಜೆಗೆ ಎರಡು ದಿನವಿರುವಾಗ ಆ ಹುಡುಗಿ ಬಸ್ಸಿನಲ್ಲಿ ಬಂದ್ಯೋಡಿನವಳೊಡನೆ ಹೇಳಿದಳಂತೆ, ರಜೆ ಕಳೆದ ಮೇಲೆ ತಾನು ಬರುವುದಿಲ್ಲವೆಂದು. ಹೊಸಂಗಡಿಯ ಫ್ಯಾನ್ಸಿ ಅಂಗಡಿಯಲ್ಲಿ ಚಿಕ್ಕಮ್ಮ ಕೆಲಸಕ್ಕೆ ಮಾತಾಡಿದ್ದಾರೆ. ಮನೆಯಲ್ಲಿ ಒತ್ತಾಯವೇನಿಲ್ಲ. ಆದರೆ ತಾನು ತರಗತಿಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂಗಡಿಯಲ್ಲಾದರೆ ಬಂದವರು ಕೇಳಿದ್ದು ತಿಳಿಯುತ್ತದೆ.

ಇದನ್ನು ಕೇಳಿ ನಾನು ಅವಳ ಮನೆಗೆ ಹೋಗುವ ಯೋಚನೆ ಮಾಡಿದೆ, ಪ್ರಿನ್ಸಿಪಾಲರಿಂದ ಕಾಗದ ಬರೆಸುವ ಯೋಚನೆ ಮಾಡಿದೆ, ಎರಡನ್ನೂ ಮಾಡಲಿಲ್ಲ. ಬಂದ್ಯೋಡಿನವಳು ಮಾತ್ರ ತನ್ನ ಮೊದಲ ವರ್ಷದ ನೋಟ್ ಪುಸ್ತಕವನ್ನು ಅವಳ ಚೀಲಕ್ಕೆ ಹಾಕಿ, ಕಾಲೇಜು ತೆರೆಯುವ ದಿನ ಬಸ್ಸಿಗೆ ತಂದುಕೊಡಬೇಕು, ನನಗೆ ಬೇಕು, ಎಂದು ಹೇಳಿ ಬಂದಿದ್ದಳು.

ಆ ಪುಸ್ತಕವನ್ನು ನಾನೂ ಹಿಂದೆ ನೋಡಿದ್ದೆ. ಅದರಲ್ಲಿ ನನ್ನ ಪಾಠವೇ ಇತ್ತು, ಕನ್ನಡ ಅಕ್ಷರದಲ್ಲಿ. ಇಂಗ್ಲಿಷೋ ಮಲಯಾಳವೋ ನೋಡದೆ ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡದಲ್ಲಿ ಗೀಚಿಕೊಂಡು, ಆಮೇಲೆ ಬಸ್ಸಿನಲ್ಲಿ ಗೆಳತಿಯರೊಡನೆ ಕೂಡಿ ಒಂದೊಂದೇ ಮಾತನ್ನು ಬಿಡಿಸುವುದು ಬಂದ್ಯೋಡಿನವಳ ಕ್ರಮ. ನಾನು ಮಾತುಮಾತಿಗೆ ಕೇಳುವ 'ಮನಸ್ಸಿಲಾಯೋ', ಅಂದರೆ ತಿಳಿಯಿತೇ ಎಂಬ ಮಲಯಾಳದ ಮಾತು, ಒಂದೇ ಪುಟದಲ್ಲಿ ಹನ್ನೊಂದು ಸಲ ಇತ್ತು. ಅಷ್ಟು ಸಲ ಕೇಳಿಯೂ ಉತ್ತರಕ್ಕೆ ಒಮ್ಮೆಯೂ ಕಾಯದವನು ನಾನೆಂದು ಆ ಪುಟ ನೋಡಿಯೇ ಗೊತ್ತಾದದ್ದು.

ಅಂತೂ ಆ ದಿನ ಬೆಳಿಗ್ಗೆ ಎಂಟೂಕಾಲಿಗೇ ಹೊಸಂಗಡಿಯ ಬಸ್ ಸ್ಟಾಪಿನಲ್ಲಿದ್ದೆ. ದಿನಾ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗುವವನು ನಾನು. ಆ ದಿನ ಅವರಿಗೆ ಸುಳ್ಳು ಹೇಳಿ ಬಂದಿದ್ದೆ. ಬಂದ್ಯೋಡಿನವಳು ಮೊದಲೇ ಬಂದಿದ್ದಳು. ನನ್ನನ್ನು ಕಂಡು, "ನೀವು ಎಂತಕ್ಕೆ ಬಂದದ್ದು ಸರ್? ನಿಮ್ಮನ್ನು ನೋಡಿದ್ರೆ ಅವಳು ಹೆದರಿ ಓಡ್ತಾಳೆ" ಎಂದಳು. ನಾನು ಕಾಲೇಜು ಮಕ್ಕಳ ಗುಂಪಿನ ಹಿಂದೆ ಕೊಡೆ ಬಿಡಿಸಿಕೊಂಡು ಅಡಗಿದೆ. ಮಳೆ ಇರಲಿಲ್ಲ.

ಎಂಟೂವರೆಗೆ ಮಂಜೇಶ್ವರದ ಕಡೆಯ ಬಸ್ಸು ಆಚೆ ಬದಿಯಲ್ಲಿ ನಿಂತಿತು. ಹುಡುಗಿ ಇಳಿದಳು. ಇಳಿದವಳು ನೇರ ಫ್ಯಾನ್ಸಿ ಅಂಗಡಿಗೆ ನಡೆದಳು. ಅಂಗಡಿಯ ಶಟರು ಅರ್ಧ ತೆರೆದಿತ್ತು. ಬಗ್ಗಿ ಒಳಗೆ ಹೋದಳು. ನಾನು ಹಾಜರಿ ಪುಸ್ತಕದ ಗೆರೆಯನ್ನು ಅಲ್ಲೇ ನಿಂತು ಎಳೆದುಬಿಟ್ಟೆ. ಬಂದ್ಯೋಡಿನವಳು ಮಾತ್ರ ಅತ್ತಲೇ ನೋಡುತ್ತಿದ್ದಳು.

ಐದು ನಿಮಿಷವಾಯಿತು. ಹುಡುಗಿ ಹೊರಬಂದು, ಹೆದ್ದಾರಿಯ ಅಡಿಯ ದಾರಿಗೆ ಇಳಿದು ಕಣ್ಮರೆಯಾಗಿ, ನಮ್ಮ ಬದಿಯಲ್ಲಿ ಎದ್ದು ಬಂದಳು. ನೋಟ್ ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು.

"ಅಂಗಡಿಯವರಿಗೆ ಎಂತ ಹೇಳಿದಿ?"

"ಆದಿತ್ಯವಾರ ಮಾತ್ರ ಬರ್ತೇನೆ ಅಂತ. ಅಕ್ಕ, ಇದರಲ್ಲಿ ಒಂದು ಪುಟ ನನಗೆ ತಿಳಿಯಲೇ ಇಲ್ಲ."

"ಒಂದೇ ಪುಟವಾ? ನನಗೆ ಆರು ಪುಟ ಈಗಲೂ ತಿಳಿಯುದಿಲ್ಲ ಮಾರಾಯ್ತಿ. ಬಸ್ಸಲ್ಲಿ ನೋಡುವ."

ಕೊಡೆಯ ಹಿಂದೆ ನನ್ನ ಕನ್ನಡಕ ಮಂಜಾದದ್ದನ್ನು ಯಾರೂ ನೋಡಲಿಲ್ಲ.

ಎಂಟೂ ಮುಕ್ಕಾಲರ ಬಸ್ಸು ಬಂತು. ನಮ್ಮಲ್ಲಿ ಕನ್ಸೆಷನ್ ಕಾರ್ಡಿನ ಮಕ್ಕಳು ಮೊದಲೇ ಹತ್ತುವಂತಿಲ್ಲ. ಪೂರ್ತಿ ಟಿಕೆಟಿನವರೆಲ್ಲ ಹತ್ತಿ, ಕಂಡಕ್ಟರು ಬೆಲ್ ಕೊಟ್ಟು, ಚಕ್ರ ಉರುಳತೊಡಗಿದ ಮೇಲೆ ಅವರು ಹಕ್ಕಿಗಳ ಹಾಗೆ ಒಮ್ಮೆಲೇ ಹಾರಿ ಹತ್ತಬೇಕು. ಪೂರ್ತಿ ಟಿಕೆಟಿನ ನಾನು ಮೊದಲೇ ಹತ್ತಿ ಕೂರಬಹುದಿತ್ತು. ಅವಳು ಹತ್ತುವುದನ್ನು ಕಣ್ಣಾರೆ ನೋಡಿಯೇ ಹತ್ತುವೆನೆಂದು ಮಕ್ಕಳೊಡನೆ ನಿಂತೆ. ಬೆಲ್ ಆಯಿತು. ಬಂದ್ಯೋಡಿನವಳು ಅವಳ ಚೀಲ ಹಿಡಿದು ಮೇಲೆ ದೂಡಿ, ಹಿಂದೆಯೇ ತಾನೂ ಹಾರಿದಳು. ಗುಂಪೆಲ್ಲ ಒಳಗಾಯಿತು. ನಾನು ಕೊಡೆ ಮಡಚುತ್ತಿದ್ದೆ.

ಮುಂದಿನ ಬಸ್ಸು ಒಂಬತ್ತೂ ಇಪ್ಪತ್ತೈದಕ್ಕೆ. ಮೊದಲ ಗಂಟೆ ನನ್ನದೇ. ಚಹಾ ಕುಡಿಯುತ್ತ ನಿಂತಿರುವಾಗ ಫೋನಿಗೆ ಬಂದ್ಯೋಡಿನವಳ ಸಂದೇಶ ಬಂತು: "ಫಸ್ಟ್ ಇಯರಿನವರು ಎಲ್ಲರೂ ಇದ್ದಾರೆ ಸರ್. ನಿಮಗೆ ಮಾತ್ರ ಆಬ್ಸೆಂಟ್."