ಅತ್ತೆ ಸರಿಸಿಟ್ಟ ಚಹಾ

"ಚಹಾ ಆಮ್ಯಾಲ ಕುಡಿತೇನಿ, ಮೊದಲ ರೇಟ್ ಮಾತಾಡ್ರಿ" ಎಂದು ನಮ್ಮತ್ತೆ ಕಪ್ಪನ್ನು ಮೇಜಿನ ಆ ತುದಿಗೆ ಸರಿಸಿದಾಗ, ಬೀದರಿನ ಆ ಕಾರು ಶೋರೂಮಿನಲ್ಲಿ ನನ್ನನ್ನು ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಭಾಲ್ಕಿಯಲ್ಲಿ ಬಳೆ ಅಂಗಡಿ ನಡೆಸುವ ಅತ್ತೆಯ ಪ್ರಕಾರ, ಅಂಗಡಿಯವರ ಚಹಾ ಕುಡಿದವರು ಮುಲಾಜಿಗೆ ಬೀಳುತ್ತಾರೆ. ಆಮೇಲೆ ಚೌಕಾಸಿಗೆ ಬಾಯಿ ಬರುವುದಿಲ್ಲ.

ನಮ್ಮ ಕಾರು ಬ್ರೇಕ್ ಹಾಕಿದಾಗ ಕಿರ್ರೆನ್ನುತ್ತಿತ್ತು, ಅಷ್ಟೆ. ಆದರೆ ಸರ್ವಿಸ್ ವಿಭಾಗದ ಯುವಕ ಬ್ರೇಕ್ ಜೊತೆಗೆ ಎಸಿ ಕ್ಲೀನಿಂಗು, ಎಂಜಿನ್ ಕ್ಲೀನಿಂಗು, ಬಾಡಿ ಪಾಲಿಶು ಎಲ್ಲ ಸೇರಿಸಿ ಹೇಳಿದ ಖರ್ಚು ನನ್ನ ತಿಂಗಳ ಸಂಬಳವನ್ನೂ ಮೀರಿತ್ತು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ.

"ತಮ್ಮಾ, ನಾಳಿ ಇದೇ ಗಾಡಿಯಾಗ ನಾವು ಔರಾದಕ್ಕ ಹೋಗ್ತೇವಿ. ಯಾವುದು ಮಾಡಸದಿದ್ರ ಜೀವಕ್ಕ ಕುತ್ತು ಅದ, ಅದಷ್ಟೇ ಹೇಳ್ರಿ" ಎಂದರು ಅತ್ತೆ.

ಯುವಕ ತಡವರಿಸಿದ. ಆಮೇಲೆ ನಕ್ಕುಬಿಟ್ಟ. "ಬ್ರೇಕ್ ಅಷ್ಟೇ ರೀ ಅಮ್ಮಾ. ಉಳಿದದ್ದು ಈಗ ಬ್ಯಾಡಂದ್ರೂ ನಡೀತದ."

ಒಳಗಿನಿಂದ ನಮ್ಮ ಗಾಡಿಯ ಸವೆದ ಬ್ರೇಕ್ ಪ್ಯಾಡನ್ನೂ ಒಂದು ಹೊಸದನ್ನೂ ತಂದು ತೋರಿಸಿದ. ಅತ್ತೆ ಎರಡನ್ನೂ ಬಳೆ ಪರೀಕ್ಷಿಸುವಂತೆ ಬೆಳಕಿಗೆ ಹಿಡಿದು ನೋಡಿದರು. ಹಳೆಯದು ಬಿಸ್ಕತ್ತಿನಷ್ಟು ತೆಳ್ಳಗಾಗಿತ್ತು. ಬ್ರೇಕಿಗೆ ಅವನು ಹೇಳಿದ ಬೆಲೆಯಲ್ಲಿ ಅತ್ತೆ ಒಂದು ಪೈಸೆಯನ್ನೂ ಇಳಿಸಲು ಕೇಳಲಿಲ್ಲ. "ಇದು ಬರೋಬ್ಬರಿ ಅದ. ಈಗ ಬಿಸಿ ಚಹಾ ತರಸ್ರಿ" ಎಂದು ಕುರ್ಚಿಗೆ ಒರಗಿ ಕೂತರು.

ಅಂದಿನಿಂದ ಯಾವ ಅಂಗಡಿಯಲ್ಲಿ ಚಹಾ ಕೊಟ್ಟರೂ ನನ್ನ ಕೈ ತಾನಾಗಿ ಕಪ್ಪನ್ನು ಆಚೆ ಸರಿಸುತ್ತದೆ. ಮೊನ್ನೆ ಅತ್ತೆಯ ಬಳೆ ಅಂಗಡಿಯಲ್ಲೂ ಸರಿಸಿದೆ. ಅತ್ತೆ ಬಿದ್ದು ಬಿದ್ದು ನಕ್ಕರು.