ನಾಂದಿಗೆ ಮೊದಲು

ಮದುವೆ ನಿಶ್ಚಯವಾದವರು ಈಗಲೂ ನನ್ನ ಜಗುಲಿಗೆ ಬರುತ್ತಾರೆ. ಭಟ್ಕಳದಿಂದ ಕುಮಟಾದವರೆಗೆ ನಾನು ಉಣ್ಣದ ಮದುವೆ ಕಡಿಮೆ, ನಾನು ಸುಮ್ಮನೆ ಬಿಟ್ಟ ಮದುಮಗ ಇನ್ನೂ ಕಡಿಮೆ. ಹೊನ್ನಾವರದ ಒಂದು ಮದುವೆಯಲ್ಲಿ ಮದುಮಗನ ಚಪ್ಪಲಿಯನ್ನು ವಾಲಗದವರ ಡೋಲಿನ ಚೀಲದಲ್ಲಿ ಅಡಗಿಸಿದ್ದೆ. ವಾಲಗದವರು ಉಂಡು ಹೊರಟುಹೋದರು, ಅವನು ಬರಿಗಾಲಲ್ಲಿ ಕಾರು ಹತ್ತಿದ. ಭಟ್ಕಳದಲ್ಲಿ ಬೀಗರ ಪೈಕಿಯ ದೊಡ್ಡ ಮನುಷ್ಯರೊಬ್ಬರಿಗೆ ಪಾನಕದ ಲೋಟದಲ್ಲಿ ಹಾಗಲಕಾಯಿ ಬೇಯಿಸಿದ ನೀರು ಕೊಟ್ಟಿದ್ದೆ. ಮರ್ಯಾದೆಗೆ ಅಂಜಿ ಅಷ್ಟನ್ನೂ ಕುಡಿದರು. ಇಂಥವನ ಹತ್ತಿರ ಸಲಹೆ ಕೇಳಬಾರದೆಂದು ಗೊತ್ತಿದ್ದರೂ ಹುಡುಗ ಹುಡುಗಿಯರು ಬಂದು ಕೂರುತ್ತಾರೆ. ಯಾವ ಹಾಲ್‌ನಲ್ಲಿ ನೀರು ಸರಿಯಾಗಿ ಬರುತ್ತದೆ, ಅಡುಗೆಗೆ ಯಾರನ್ನು ಕರೆಯಬೇಕು, ವಾಲಗವೋ ಡೀಜೆಯೋ ಎಂದು ಕೇಳುತ್ತಾರೆ.

ಅದೆಲ್ಲ ಆಮೇಲೆ ಹೇಳುತ್ತೇನೆ. ಮೊದಲು ಕೇಳುವುದು ಇದನ್ನು: ನಿಮ್ಮಿಬ್ಬರ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ? ಮುದುಕ ತಮಾಷೆ ಮಾಡುತ್ತಿದ್ದಾನೆಂದು ಅವರು ನಗುತ್ತಾರೆ. ಆಗ ನಾನು ನನ್ನ ಗೆಳೆಯನ ಕತೆ ಹೇಳುತ್ತೇನೆ.

ಮಿರ್ಜಾನದಲ್ಲಿ ನನ್ನ ಮನೆಯಿಂದ ಒಂದು ತೋಟ ದಾಟಿದರೆ ಅವನ ಮನೆ. ಶಾಲೆಯ ದಿನಗಳಿಂದ ಜೊತೆಗಾರ. ಕಿತಾಪತಿಯಲ್ಲಿ ಊರಿನವರು ಅವನನ್ನು ನನಗಿಂತ ಮೇಲೆ ಇಟ್ಟಿದ್ದರು. ಅದು ಊರಿನವರ ತಿಳಿವಳಿಕೆಯ ಕೊರತೆ. ಅವನ ಮೊಮ್ಮಗಳು ಕುಮಟಾದ ಒಂದು ಆಸ್ಪತ್ರೆಯಲ್ಲಿ ನರ್ಸ್. ಗೇರುಸೊಪ್ಪದ ಕಡೆಯ ಹುಡುಗನೊಂದಿಗೆ ಅವಳ ಮದುವೆ ಗೊತ್ತಾಯಿತು. ಹುಡುಗ ಸಾಮಾನು ಸಾಗಿಸುವ ಹಡಗಿನಲ್ಲಿ ಕೆಲಸದವನು. ಮದುವೆಯಾದ ಬೆನ್ನಿಗೆ ಅವನ ರಜೆ ಮುಗಿಯುತ್ತಿತ್ತು. ದಿನ ತಪ್ಪಿದರೆ ಮತ್ತೆ ಅವನು ನೆಲ ಮುಟ್ಟುವವರೆಗೆ ಕಾಯಬೇಕು. ಅಷ್ಟರಲ್ಲಿ ಹುಡುಗನ ತಾಯಿ, ಈ ಮನೆಯಲ್ಲಿ ಬರೀ ಕಾಯಿಲೆಯೇ, ಬೇರೆ ಸಂಬಂಧ ನೋಡೋಣ ಎಂದು ಗೊಣಗುವುದಕ್ಕೆ ಶುರು ಮಾಡಿದ್ದರು. ಅವರು ಹೇಳಿದ ಕಾಯಿಲೆಯವನು ನನ್ನ ಗೆಳೆಯನೇ. ಎದ್ದು ಕೂರುವ ಶಕ್ತಿ ಅವನಿಗೆ ಉಳಿದಿರಲಿಲ್ಲ.

ಮದುವೆಗೆ ಮುಂಚೆ ಹಿರಿಯರನ್ನು, ದೇವರನ್ನು ಕರೆದು ಮಾಡುವ ನಾಂದಿ ಎಂಬ ಕಾರ್ಯ ನಮ್ಮಲ್ಲಿದೆ. ಅದೊಂದು ಮುಗಿದರೆ, ಆಮೇಲೆ ಮನೆಯಲ್ಲಿ ಸಾವಾದರೂ ಅದರ ಸೂತಕ ಮದುವೆಗೆ ತಾಗುವುದಿಲ್ಲ. ಅದಕ್ಕೇ ಹಿಂದಿನವರು ನಾಂದಿಯನ್ನು ಮನೆಯಲ್ಲೇ ಮೊದಲೇ ಮುಗಿಸಿಕೊಳ್ಳುತ್ತಿದ್ದರು. ಈಗ ಎಲ್ಲವೂ ಹಾಲ್‌ನಲ್ಲಿ, ಒಂದೇ ದಿನ, ತಿಂಡಿಗೂ ಧಾರೆಗೂ ನಡುವೆ.

ಗೆಳೆಯನ ಮಗನಿಗೆ ನಾನು ಹೇಳಿದ್ದೆ: "ತಮ್ಮಾ, ನಾಂದಿನಾದ್ರೂ ಮುಂಚೆ ಮನೇಲಿ ಮುಗಿಸ್ಬಿಡು."

"ನೆಂಟರಿಗೆ ಎರಡೆರಡು ಸಲ ಓಡಾಟ ಎಂತಕ್ಕೆ ಮಾವಾ? ಹಾಲ್‌ನಲ್ಲೇ ಬೆಳಗ್ಗೆ ಆಗ್ತು. ಅಪ್ಪಯ್ಯ ಈಗ ಹುಷಾರೇ ಇದ್ದ."

ಒಳಗೆ ಮಂಚದ ಮೇಲಿದ್ದ ಅಪ್ಪಯ್ಯ ಅದನ್ನು ಕೇಳಿಸಿಕೊಂಡಿದ್ದ. ನಾನು ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ಹೇಳಿದ: "ನಾ ಮುಂಚೆ ಹೋದ್ರೆ ನೀ ಯಾರಿಗೂ ಹೇಳಡ. ಅಳೂದಾದ್ರೆ ಊಟ ಆದ್ಮೇಲೆ ಅಳು."

"ನಿನ್ನ ಸಲುವಾಗಿ ಅಳಲೆ ನಂಗೆ ಎಂತ ಮರುಳ?" ಎಂದೆ.

ಅವನು ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮು ನಿಲ್ಲಿಸುವುದಕ್ಕೆ ಬಹಳ ಹೊತ್ತು ಬೇಕಾಯಿತು.

ಮದುವೆಯ ದಿನ ಅವನ ಹತ್ತಿರ ಕೂರುವವನು ನಾನೆಂದು ತೀರ್ಮಾನವಾಗಿತ್ತು. ಬೆಳಕು ಹರಿಯುವಾಗ ಹೆಂಗಸರು ಹೂವು ಮುಡಿಯುವ ಗಡಿಬಿಡಿಯಲ್ಲಿದ್ದರು, ಅಂಗಳದಲ್ಲಿ ವ್ಯಾನು ಬಂದು ನಿಂತಿತ್ತು. ಒಳಗೆ ಗೆಳೆಯ ಎರಡು ಸಲ ಬಿಕ್ಕಿದ. ಮೂರನೆಯದಕ್ಕೆ ಕಾದೆ, ಬರಲಿಲ್ಲ. ಕಣ್ಣು ಮುಚ್ಚಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಪಕ್ಕದಲ್ಲಿ ಕೂತು ಅವನೊಡನೆ ಮಾತಾಡತೊಡಗಿದೆ. ಅಡಿಕೆ ಧಾರಣೆ, ರೈಲು ತಡವಾಗಿದ್ದು, ಹೀಗೆ ಬಾಯಿಗೆ ಬಂದದ್ದು.

ಮಗ ಬಾಗಿಲಲ್ಲಿ ಇಣುಕಿದ. "ಅಪ್ಪಯ್ಯ ಎದ್ದನ?"

"ಈಗಷ್ಟೇ ಗಂಜಿ ಕುಡ್ದು ಮನಗಿದ್ದ. ಎಬ್ಬಿಸಡ."

ಮಗ ಅಲ್ಲಿಂದಲೇ ಕೈಮುಗಿದು ಹೋದ. ನನ್ನ ಜೀವಮಾನದ ಸುಳ್ಳುಗಳಲ್ಲಿ ಇಷ್ಟು ಸಲೀಸಾಗಿ ಬಂದದ್ದು ಇನ್ನೊಂದಿಲ್ಲ.

ಆಮೇಲೆ ಮದುಮಗಳು ಬಂದಳು, ಅಜ್ಜನ ಕಾಲು ಮುಟ್ಟುವುದಕ್ಕೆ. ದೂರದಿಂದಲೇ ಸಾಕು ಎಂದರೂ ಕೇಳಲಿಲ್ಲ. ಪಾದದ ಮೇಲೆ ಇಟ್ಟ ಕೈ ಅಲ್ಲೇ ನಿಂತಿತು. ಹೊದಿಕೆಯೊಳಗಿಂದ ಅವನ ಕೈ ತೆಗೆದು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಆಮೇಲೆ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ಆಸ್ಪತ್ರೆಯವರ ರೂಢಿ ಅದು. ನೂರು ಮದುವೆಗಳಲ್ಲಿ ಜನರನ್ನು ಏಮಾರಿಸಿದ ನಾನು ಆ ಒಂದು ನೋಟಕ್ಕೆ ಸಿಕ್ಕಿಬಿದ್ದೆ.

"ಸಣ್ಣಜ್ಜಾ, ಯಾವಾಗ?" ಅವಳು ನನ್ನನ್ನು ಕರೆಯುತ್ತಿದ್ದುದೇ ಹಾಗೆ.

"ನಾ ಎಂತದೂ ಹೇಳಿದ್ನಿಲ್ಲೆ, ನೀ ಎಂತದೂ ಕೇಳಿದ್ದಿಲ್ಲೆ. ಸಾವಿನ ಸುದ್ದಿ ಕಿವಿಗೆ ಬೀಳದಿದ್ದವಕ್ಕೆ ಸೂತಕ ಇಲ್ಲೆ."

"ಕೈಗೆ ಗೊತ್ತಾತಲ."

"ಕೈ ತೊಳ್ಕ."

ಅವಳು ತೊಳೆದುಕೊಳ್ಳಲಿಲ್ಲ. ಅಜ್ಜ ಹೇಳಿದ್ದನ್ನು ನಾನು ಇದ್ದ ಹಾಗೇ ಹೇಳಿದೆ. ಕಾಡಿಗೆ ಹರಡದಂತೆ ಕಣ್ಣಿನ ಕೆಳಗೆ ಸೆರಗಿನ ತುದಿ ಒತ್ತಿಕೊಂಡು ಕೇಳಿದಳು. "ಅವಂಗೆ ಹೇಳದೆ ನಾ ಮಂಟಪಕ್ಕೆ ಹೋಗ್ತ್ನಿಲ್ಲೆ" ಎಂದು ಹಿತ್ತಿಲಿಗೆ ಹೋಗಿ ಮದುಮಗನಿಗೆ ಫೋನ್ ಮಾಡಿದಳು. ಅವಳು ಆಡಿದ್ದು ಎರಡು ಮಾತು, ಕೇಳಿದ್ದು ಹೆಚ್ಚು. ತಿರುಗಿ ಬಂದು, "ಅವಂಗೂ ಎಂತದೂ ಕೇಳಿದ್ದಿಲ್ಲೆ ಅಡ" ಎಂದಳು.

"ಒಳ್ಳೆ ಮಾಣಿ," ಎಂದೆ.

"ಅಪ್ಪಯ್ಯಂಗೆ?"

"ಊಟ ಆದ್ಮೇಲೆ."

ಅವಳು ಅಜ್ಜನ ಪಾದಗಳ ಮೇಲೆ ಹೊದಿಕೆ ಎಳೆದು, ಫ್ಯಾನು ಜೋರು ಮಾಡಿ ಹೋದಳು. ವ್ಯಾನು ಗದ್ದೆಯ ತಿರುವು ದಾಟುವವರೆಗೆ ಒಳಗಿನ ಹಾಡು ಕೇಳುತ್ತಿತ್ತು.

ಆಮೇಲೆ ನಾವಿಬ್ಬರೇ. ಇರುವೆ ಹತ್ತದಂತೆ ಮಂಚದ ಕಾಲುಗಳ ಕೆಳಗೆ ತೆಂಗಿನ ಗೆರಟೆಯಲ್ಲಿ ನೀರಿಟ್ಟೆ. ಅವನ ಮೇಲೆ ಹೂಡಬೇಕೆಂದು ಉಳಿಸಿಕೊಂಡಿದ್ದ ತಮಾಷೆಗಳನ್ನೆಲ್ಲ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ ಕೊನೆಯ ಮಾತು ನನ್ನದಾಯಿತು, ಅದರಲ್ಲಿ ಒಂದಿಷ್ಟೂ ರುಚಿಯಿರಲಿಲ್ಲ.

ಕೊನೆಯ ಪಂಕ್ತಿ ಎದ್ದಿತೆಂದು ತಿಳಿದ ಮೇಲೆ ಫೋನ್ ಮಾಡಿದೆ. ಮಗ ಬಂದ. ಹಿಂದೆಯೇ ಮದುಮಗಳು, ಮದುಮಗ, ಹೂಮಾಲೆ ಕೂಡ ತೆಗೆಯದೆ. ಮಗ ನನ್ನನ್ನು ಹೊಡೆಯುತ್ತಾನೆಂದು ಅಂದುಕೊಂಡಿದ್ದೆ. ಅವನು ಅಪ್ಪನ ಕಾಲ ಹತ್ತಿರ ಕೂತು, ಯಾವ ಹೊತ್ತಿಗೆ ಎಂದಷ್ಟೇ ಕೇಳಿದ. ಹೇಳಿದೆ. ಅವನ ಮುಖ ಬೂದಿಯಾಯಿತು.

ನಾನೂ ನನ್ನ ಗೆಳೆಯನೂ ಎಲ್ಲ ಲೆಕ್ಕ ಹಾಕಿದ್ದೆವು, ಇದೊಂದನ್ನು ಬಿಟ್ಟು. ನಾಂದಿಯಲ್ಲಿ ಸತ್ತ ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾರೆ. ಅಪ್ಪ ಇಲ್ಲದವನು ಅಪ್ಪನಿಂದ ಶುರು ಮಾಡುತ್ತಾನೆ. ಅಪ್ಪ ಇದ್ದವನು ಅವನನ್ನು ಬಿಟ್ಟು ಅಜ್ಜನಿಂದ.

"ನಾ ಅಜ್ಜನಿಂದ ಕರದೆ ಮಾವಾ," ಎಂದ. "ಅಪ್ಪಯ್ಯ ಇಲ್ಲಿ ಇದ್ದಿದ್ನಿಲ್ಲೆ, ಅಲ್ಲಿಗೂ ನಾ ಕರದ್ನಿಲ್ಲೆ. ಎಲ್ಲಿ ನಿಂತಿದ್ನೇನ." ಆಮೇಲೆ ಮಗಳ ಕಡೆ ಕೈ ತೋರಿಸಿ, "ಕೂಸಿಗೆ ಗೊತ್ತಿತ್ತ?"

ಇಲ್ಲವೆನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳೇ, "ಗೊತ್ತಿತ್ತು ಅಪ್ಪಯ್ಯಾ" ಎಂದಳು.

ನಾಂದಿಯ ಹೊತ್ತಿಗೆ ಅವಳು ಅಪ್ಪನ ಪಕ್ಕದ ಮಣೆಯಲ್ಲೇ ಕೂತಿದ್ದಳು, ಅವನು ಹೆಸರು ಹೇಳುವುದನ್ನು ಕೇಳುತ್ತ. ನನ್ನ ಜೊತೆ ಅವನು ಇವತ್ತಿಗೂ ಎಲೆಯಡಿಕೆ ಹಾಕುತ್ತಾನೆ. ಮಗಳ ಜೊತೆ ಮಾತಿಲ್ಲ.

ಆದ್ದರಿಂದ ಮದುವೆಯಾಗುವವರಿಗೆ ಹೇಳುತ್ತೇನೆ: ಹಾಲ್ ಆಮೇಲೆ ನೋಡಿ. ಮನೆಯಲ್ಲಿ ಮಲಗಿದವರಿದ್ದರೆ ನಾಂದಿಯನ್ನು ಮೊದಲೇ ಮನೆಯಲ್ಲಿ ಮುಗಿಸಿ, ನೆಂಟರಿಗೆ ಎರಡು ಸಲ ಓಡಾಟವಾದರೆ ಆಗಲಿ. ಸಾವು ನಡುವೆ ಬಂದರೆ ಏನು ಮಾಡುವುದೆಂದು ನೀವಿಬ್ಬರೇ ಮಾತಾಡಿಕೊಂಡರೆ ಸಾಲದು, ಧಾರೆ ಎರೆಯುವ ಅಪ್ಪನನ್ನೂ ಕೂರಿಸಿಕೊಂಡು ಮಾತಾಡಿ. ಇಬ್ಬರು ಮುದುಕರ ಜಾಣತನವನ್ನು ನಂಬಬೇಡಿ, ಅದರಲ್ಲಿ ಒಬ್ಬ ನಾನೇ ಆದರೂ.

ಮೊನ್ನೆ ಗೆಳೆಯನ ಶ್ರಾದ್ಧವಿತ್ತು. ಮೊಮ್ಮಗಳ ಗಂಡ ಹಡಗಿನಲ್ಲಿದ್ದ, ಅವಳೊಬ್ಬಳೇ ಬಂದಿದ್ದಳು. ಅಡುಗೆಮನೆಯಲ್ಲಿ ವಡೆ ಕರಿಯುತ್ತಿದ್ದಳು. ಒಳಗೆ ಅವಳ ಅಪ್ಪ ತಂದೆಯ ಹೆಸರು ಹೇಳಿ ಎಳ್ಳುನೀರು ಬಿಟ್ಟ. ಬಿಡಬೇಕಾದಷ್ಟು ಸಲ ಬಿಟ್ಟಾದ ಮೇಲೂ ಮತ್ತೊಮ್ಮೆ ಅದೇ ಹೆಸರು ಹೇಳಿದ.

"ಸಾಕು, ಆತು," ಎಂದರು ಭಟ್ಟರು. "ಮುಂದಿನ ಹೆಸರು."

"ಇದು ಆ ನಾಂದಿ ದಿವಸದ್ದು," ಎಂದು ಅವನು ಇನ್ನೊಂದು ಸಲ ನೀರು ಬಿಟ್ಟ.

ಅಡುಗೆಮನೆಯಲ್ಲಿ ವಡೆ ಸೀದ ವಾಸನೆ ಬಂತು. ಯಾರೂ ಎದ್ದು ಹೋಗಲಿಲ್ಲ.