ಇಪ್ಪತ್ತೇಳನೆಯ ಗುರುತು ಇನ್ನೂ ಹಸಿ

ಬೆಳಗಿನ ಆರಕ್ಕೆ ಇನ್ನೂ ಐದು ನಿಮಿಷ ಇದೆ. ಎರಡನೇ ಮಹಡಿಯ ಪುಟ್ಟ ಕೋಣೆಯಲ್ಲಿ ದೀಪ ಹಾಕಿಲ್ಲ. ಉತ್ತರದ ಕಿಟಕಿಯಿಂದ ಬೂದು ಬೆಳಕು ಬರುತ್ತಿದೆ. ಕಂಪ್ಯೂಟರ್ ಪರದೆಯ ಮೇಲೆ ಅದೇ ಬೂದು ಬಣ್ಣದ ಬಾಂಬರ್ ವಿಮಾನವೊಂದು ನಿಂತಿದೆ. ಕಿಟಕಿ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಎಂಬುದು ಒಂದು ಕ್ಷಣ ಗೊತ್ತಾಗುವುದಿಲ್ಲ. ನಾಲ್ಕು ಎಂಜಿನ್, ಏಳು ಸೀಟು, ಒಬ್ಬ ಮನುಷ್ಯನೂ ಇಲ್ಲ. ಅದರ ಮುಂದೆ ಕುಳಿತ ಹೆಂಗಸು ಉಸಿರು ಬಿಗಿಹಿಡಿದು, ಎಂಜಿನ್ನಿನ ಹಿಂದೆ ರೆಕ್ಕೆಯುದ್ದಕ್ಕೂ ಮಸಿ ಎಳೆಯುತ್ತಿದ್ದಾರೆ.

ಬಾಗಿಲ ಬಳಿ ಚಪ್ಪಲಿಯ ಸದ್ದು. ಎಂಬತ್ತು ದಾಟಿದ ಅತ್ತೆ ಎರಡು ಲೋಟ ಟೀ ಹಿಡಿದು ಬರುತ್ತಾರೆ. ಒಂದು ಸೊಸೆಗೆ, ಒಂದು ನನಗೆ. ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಪರದೆಯತ್ತ ನೋಡುತ್ತಾರೆ.

"ಬಂದ್ರಾ?"

"ಇಲ್ಲ ಅತ್ತೆ."

"ಬರ್ತಾರೆ ಬಿಡು," ಎಂದು ಹೊರಟುಹೋಗುತ್ತಾರೆ. ಯಾರು ಬರಬೇಕು ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ.

ಈ ಸೊಸೆಯನ್ನು ಬಲ್ಲವರೆಲ್ಲ ಕರೆಯುವುದು ಮಸಿಯಕ್ಕ ಎಂದು. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹವ್ಯಾಸವಿರುವ ಲಕ್ಷಾಂತರ ಜನ ಜಗತ್ತಿನಲ್ಲಿದ್ದಾರೆ. ಅವರು ಬಳಸುವ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನದ ಆಕಾರ ಮೊದಲೇ ಸಿದ್ಧವಿರುತ್ತದೆ. ಮೇಲಿನ ಬಣ್ಣವನ್ನು ಮಾತ್ರ ಯಾರು ಬೇಕಾದರೂ ಹೊಸದಾಗಿ ಬರೆದು ಹೊದಿಸಬಹುದು. ಇದಕ್ಕೆ ರಿಪೇಂಟ್ ಎನ್ನುತ್ತಾರೆ. ಎಂಬತ್ತು ವರ್ಷಗಳ ಹಿಂದಿನ ಮಹಾಯುದ್ಧದಲ್ಲಿ ಹಾರಿದ ಬಾಂಬರ್‌ಗಳಿಗೆ, ಅವು ಆಗ ಹೇಗಿದ್ದವೋ ಹಾಗೆಯೇ ಬಣ್ಣ ಬರೆಯುವುದು ಮಸಿಯಕ್ಕನ ಕೆಲಸ. ಹೀಗೆ ಇನ್ನೂರ ಹದಿನಾಲ್ಕು ವಿಮಾನಗಳಾಗಿವೆ. ಎಲ್ಲವೂ ಪುಕ್ಕಟೆ. ನಾನಾದರೋ ವಿಮಾನ ಹತ್ತಿದ್ದೇ ಎರಡು ಸಲ, ಅದೂ ಕಣ್ಣು ಮುಚ್ಚಿಕೊಂಡು.

ಐವತ್ತೊಂದು ವರ್ಷದ ಮಸಿಯಕ್ಕ ಹತ್ತೊಂಬತ್ತು ವರ್ಷ ಬಸ್ಸಿನ ವರ್ಕ್‌ಶಾಪಿನಲ್ಲಿ ಪೇಂಟರ್ ಆಗಿದ್ದವರು. ಬಸ್ಸಿಗೆ ಬಣ್ಣ ಹೊಡೆಯುವುದು, ನಂಬರ್ ಬರೆಯುವುದು, ಮುಂದಿನ ಗಾಜಿನ ಮೇಲಿನ ಊರಿನ ಬೋರ್ಡ್ ಬರೆಯುವುದು, ಎಲ್ಲವೂ ಅವರದೇ. ಸ್ಪ್ರೇ ಬಣ್ಣ ಶ್ವಾಸಕೋಶದೊಳಗೆ ಮನೆ ಮಾಡಿತು. "ಬಣ್ಣ ಬಿಡಿ, ಇಲ್ಲಾಂದ್ರೆ ಉಸಿರು ಬಿಡ್ತೀರಿ ಅಂದ್ರು ಡಾಕ್ಟ್ರು. ಎರಡರಲ್ಲಿ ಒಂದು ಬಿಡಬೇಕಿತ್ತು, ಬಣ್ಣ ಬಿಟ್ಟೆ," ಎನ್ನುತ್ತಾರೆ, ಹಾಲು ಬಿಟ್ಟು ಮೊಸರಿಗೆ ಬಂದವರಷ್ಟು ಸಲೀಸಾಗಿ. ಆದರೆ ಎಂಟು ತಿಂಗಳು ಅವರು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲವಂತೆ. ಬಸ್ ಓಡಿಸುವ ಗಂಡ, ಹೆಂಡತಿಯ ಮನಸ್ಸು ಹಗುರಾಗಲಿ ಎಂದು ಹಳೆಯ ಕಂಪ್ಯೂಟರ್ ಒಂದನ್ನು ತಂದುಕೊಟ್ಟರು. ಅದರಲ್ಲಿ ಯಾರೋ ಹಾಕಿಟ್ಟಿದ್ದ ಸಿಮ್ಯುಲೇಟರ್ ಇತ್ತು, ಸಿಮ್ಯುಲೇಟರ್‌ನಲ್ಲಿ ಒಂದು ಬಾಂಬರ್ ಇತ್ತು.

"ಶೋರೂಮಿಂದ ಈಗಷ್ಟೇ ಇಳಿಸಿದ ಹಾಗಿತ್ತು. ಯುದ್ಧಕ್ಕೆ ಹೋಗಿ ಬಂದ ಗಾಡಿ ಅಂತೆ, ಒಂದು ಕಲೆ ಇಲ್ಲ, ಒಂದು ಗೀರಿಲ್ಲ. ನಮ್ಮ ಬಸ್ಸು ಪಕ್ಕದೂರಿಗೆ ಹೋಗಿ ಬಂದ್ರೂ ಮುಖ ನೋಡೋ ಹಾಗಿರಲ್ಲ. ನಂಗೆ ಸಿಟ್ಟು ಬಂತು."

ಆ ಸಿಟ್ಟಿಗೆ ಈಗ ಹನ್ನೆರಡು ವರ್ಷ. "ಬೇರೆಯವರ ಸೊಸೆಯಂದಿರು ಮನೆ ಗುಡಿಸ್ತಾರೆ, ನನ್ನ ಸೊಸೆ ವಿಮಾನ ಹೊಲಸು ಮಾಡ್ತಾಳೆ," ಎಂದು ಅತ್ತೆ ಅಡುಗೆಮನೆಯಿಂದಲೇ ವರದಿ ಒಪ್ಪಿಸುತ್ತಾರೆ.

ಹಗಲಿಡೀ ಪ್ರಿಂಟಿಂಗ್ ಅಂಗಡಿಯೊಂದರಲ್ಲಿ ಆಮಂತ್ರಣ ಪತ್ರಿಕೆ ವಿನ್ಯಾಸ ಮಾಡುವ ಮಸಿಯಕ್ಕನಿಗೆ ವಿಮಾನದ ಕೆಲಸಕ್ಕೆ ಸಿಗುವುದು ಬೆಳಗ್ಗೆ ಆರರಿಂದ ಏಳೂವರೆ. ದೀಪದ ಬೆಳಕಿನಲ್ಲಿ ಬಣ್ಣ ಮೋಸ ಮಾಡುತ್ತದೆ ಎಂದು ಕಿಟಕಿಯ ಬೆಳಕನ್ನೇ ನಂಬಿದ್ದಾರೆ. ಒಂದು ವಿಮಾನಕ್ಕೆ ಸುಮಾರು ಇಪ್ಪತ್ತು ದಿನ ಬೇಕು. ಕೆಲಸದ ಕ್ರಮ ಅವರದೇ. ಮೊದಲು ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣ ಬರೆಯುತ್ತಾರೆ. ಆಮೇಲೆ ಆ ವಿಮಾನ ಎಷ್ಟು ಸಲ ದಾಳಿಗೆ ಹೋಗಿ ಮರಳಿತೋ ಅಷ್ಟು ಪದರ ಹಾಕುತ್ತಾರೆ. ಒಂದೊಂದು ಪದರದಲ್ಲಿ ಅಷ್ಟಷ್ಟು ಮಸಿ, ಗುಂಡು ತಾಗಿದಲ್ಲಿ ತೇಪೆ, ಮತ್ತೆ ಪೈಲಟ್‌ನ ಕಿಟಕಿಯ ಕೆಳಗೆ ಅಂಗೈಯಷ್ಟಗಲದ ಬಾಂಬಿನ ಆಕಾರದ ಒಂದು ಹಳದಿ ಗುರುತು. ಆ ಕಾಲದಲ್ಲಿ ಮುಸ್ಸಂಜೆ ಹೊರಟ ವಿಮಾನ ರಾತ್ರಿ ಕಳೆದು ಮರಳಿ ಬಂದ ಬೆಳಗ್ಗೆ ನೆಲದ ಮೇಲಿನ ಪೇಂಟರ್ ಏಣಿ ಹತ್ತಿ ಈ ಗುರುತು ಹಾಕುತ್ತಿದ್ದನಂತೆ. ಗುರುತು ಎಣಿಸಿದರೆ ಎಷ್ಟು ಸಲ ಬಂದಿತು ಎಂದು ತಿಳಿಯುತ್ತದೆ.

"ಕೊನೇ ಸಲ ಹೋದದ್ದು?" ಎನ್ನುತ್ತೇನೆ.

"ಅದಕ್ಕೆ ಪದರ ಇಲ್ಲ. ಆ ಬಣ್ಣ ನೋಡಿದವರು ಯಾರೂ ಬಂದಿಲ್ಲವಲ್ಲ," ಎನ್ನುತ್ತಾರೆ ಮಸಿಯಕ್ಕ, ಪರದೆಯಿಂದ ಕಣ್ಣು ತೆಗೆಯದೆ. "ಬಂದ ವಿಮಾನಗಳನ್ನ ಎಲ್ಲರೂ ಮಾಡ್ತಾರೆ. ನಾನು ಮಾಡೋದು ಬಾರದೆ ಹೋದವನ್ನ ಮಾತ್ರ."

ಅತ್ತೆ ದಿನಾ ಬೆಳಗ್ಗೆ ಯಾರಿಗಾಗಿ ಕೇಳುತ್ತಾರೆ ಎಂದು ನನಗೆ ಗೊತ್ತಾಗುವುದು ಆಗಲೇ. ಕೈಯಲ್ಲಿದ್ದ ಟೀ ತಣ್ಣಗಾಗಿದೆ.

ಪತ್ರಿಕೆಗೆ ಬರೆಯುವ ನಾನು ಈ ಮನೆ ಹುಡುಕಿಕೊಂಡು ಬಂದದ್ದು ಒಂದು ನಿರ್ದಿಷ್ಟ ವಿಮಾನದ ಸುದ್ದಿ ಕೇಳಿ. ಹೋದ ವರ್ಷ ಮಸಿಯಕ್ಕನಿಗೆ ಒಂದು ಕಪ್ಪುಬಿಳುಪು ಫೋಟೋ ಸಿಕ್ಕಿತ್ತು. ವಿಮಾನದ ಮೂತಿ, ಕಿಟಕಿ, ಕೆಳಗೆ ಸಾಲು ಗುರುತುಗಳು. ಉದ್ದನೆಯ ನೆರಳು. ಎಣಿಸಿದರೆ ಇಪ್ಪತ್ತೇಳು. ದಾಖಲೆಗಳಲ್ಲಿ ಮಾತ್ರ ಈ ವಿಮಾನ ಮರಳಿದ್ದು ಇಪ್ಪತ್ತಾರು ಸಲ, ಇಪ್ಪತ್ತೇಳನೆಯ ಸಲ ಬರಲೇ ಇಲ್ಲ ಎಂದಿತ್ತು. "ಕಾಗದ ತಪ್ಪಿರುತ್ತೆ, ಫೋಟೋ ತಪ್ಪಿರಲ್ಲ ಅಂತ ನನ್ನ ಜಂಬ," ಎನ್ನುತ್ತಾರೆ. ಬಾರದೆ ಹೋದದ್ದು ಇಪ್ಪತ್ತೆಂಟನೆಯ ಸಲ ಇರಬೇಕೆಂದು ಇಪ್ಪತ್ತೇಳು ಪದರ ಹಾಕಿದರು. ರೆಕ್ಕೆ ಫೋಟೋದಲ್ಲಿ ಕಾಣುತ್ತಿರಲಿಲ್ಲ, ಇಪ್ಪತ್ತೇಳು ಪ್ರಯಾಣದ ಮಸಿಯನ್ನು ಲೆಕ್ಕ ಹಾಕಿ ಬಳಿದರು. ಕೊನೆಯ ಗುರುತಿನ ಮೇಲೆ ಫೋಟೋದಲ್ಲಿ ಸಣ್ಣದೊಂದು ಹೊಳಪಿತ್ತು. ಅದನ್ನೂ ಹಾಗೆಯೇ ಇಳಿಸಿದರು. ಬೆಳಗ್ಗೆ ತಾನೇ ಹಾಕಿದ ಗುರುತು, ಒಣಗಿಲ್ಲ ಎಂದುಕೊಂಡರು.

ಅಂತರ್ಜಾಲಕ್ಕೆ ಹಾಕಿದ ತಿಂಗಳೊಳಗೆ ವಿಚಿತ್ರವಾದ ಮೂರು ಸಂದೇಶಗಳು ಬಂದವು. ಬರೆದವರಿಗೆ ಪರಸ್ಪರ ಪರಿಚಯವಿಲ್ಲ. ಮೂವರದೂ ಒಂದೇ ಮಾತು. ವಿಮಾನ ಇಳಿಸಿ ಎಂಜಿನ್ ಆರಿಸಿದ ಮೇಲೆ ಎಲ್ಲ ಸರಿಯಾಗೇ ಇರುತ್ತದೆ, ಆ ಕೊನೆಯ ಗುರುತು ಮಾತ್ರ ಯಾಕೋ ಹಸಿಯಾಗಿದೆ, ನೋಡಿದರೆ ಒಂಥರಾ ಆಗುತ್ತದೆ. ಒಬ್ಬರಂತೂ ಅದನ್ನು ನೋಡಲಾಗದೆ ವಿಮಾನವನ್ನು ಆ ಕಡೆಗೆ ತಿರುಗಿಸಿ ನಿಲ್ಲಿಸುತ್ತಿದ್ದರಂತೆ.

ಮಸಿಯಕ್ಕ ನನಗೂ ಅದನ್ನು ತೋರಿಸುತ್ತಾರೆ. ಸಾಲಾಗಿ ಇಪ್ಪತ್ತಾರು ಮಂಕು ಗುರುತುಗಳು, ಕೊನೆಯದರ ಅಂಚಿನಲ್ಲಿ ಒಂದು ತೇವದ ಮಿಂಚು. ನಾನು ಪರದೆ ಮುಟ್ಟುತ್ತೇನೆ. ಆಮೇಲೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಬೆರಳು ನೋಡಿಕೊಳ್ಳುತ್ತೇನೆ.

ನಾಲ್ಕನೆಯ ಸಂದೇಶ ಬಂದದ್ದು ಕಡಲಾಚೆಯ, ಎಂಬತ್ತು ದಾಟಿದ ಒಬ್ಬ ಅಜ್ಜಿಯಿಂದ. ಆ ವಿಮಾನಕ್ಕೆ ಗುರುತು ಹಾಕುತ್ತಿದ್ದ ಪೇಂಟರ್‌ನ ಮಗಳು ಆಕೆ. ಸಂದೇಶ ಎರಡೇ ಸಾಲು: "ಆ ಇಪ್ಪತ್ತೇಳನೆಯದನ್ನು ನಮ್ಮಪ್ಪ ಹಾಕಿದಾಗ ವಿಮಾನದವರಿನ್ನೂ ಹೊರಟೇ ಇರಲಿಲ್ಲ. ದಯವಿಟ್ಟು ಅಳಿಸಿಬಿಡಿ."

ಮಸಿಯಕ್ಕ ಫೋಟೋ ಮತ್ತೆ ತೆಗೆದು ನೋಡಿದರು. ನೆರಳು ಬಿದ್ದ ದಿಕ್ಕನ್ನು ವಿಮಾನ ನಿಲ್ದಾಣದ ನಕ್ಷೆಯ ಪಕ್ಕದಲ್ಲಿಟ್ಟರು. "ಗುರುತು ಹಾಕೋದು ಬೆಳಗ್ಗೆ ಅಂತ ತಲೇಲಿ ಕೂತುಬಿಟ್ಟಿತ್ತು. ಮುಂಜಾವು ಅಂದ್ಕೊಂಡಿದ್ದೆ. ಮುಸ್ಸಂಜೆ ಅದು. ಕಪ್ಪುಬಿಳುಪಲ್ಲಿ ಎರಡೂ ಒಂದೇ ಥರ ಕಾಣ್ತವೆ."

ಅಜ್ಜಿ ಆಮೇಲೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಸಿಯಕ್ಕ ತಮ್ಮ ಮಾತಿನಲ್ಲಿ ಹೇಳುತ್ತಾರೆ. ಅಂದು ಮಗಳು ಹುಟ್ಟಿದ ಸುದ್ದಿ ಬಂದು ಪೇಂಟರ್‌ಗೆ ರಜೆ ಸಿಕ್ಕಿತ್ತು. ಊರಿಗೆ ಒಯ್ಯುವ ಲಾರಿ ಸಂಜೆಗೇ ಹೊರಡುವುದಿತ್ತು, ಬೆಳಗ್ಗೆ ಗುರುತು ಹಾಕಲು ತಾನಿರುವುದಿಲ್ಲ. ತನ್ನ ಸಾಲಿನಲ್ಲಿ ಇನ್ನೊಬ್ಬರ ಕುಂಚ ಆಡುವುದು ಆತನಿಗೆ ಇಷ್ಟವಿರಲಿಲ್ಲ. ಹೇಗೂ ಬರುತ್ತಾರೆ ಎಂದು ಮುಂಚೆಯೇ ಹಾಕಿ ಹೋದ. ಆ ಏಳು ಜನ ಬರಲಿಲ್ಲ. ಆತ ಮತ್ತೆಂದೂ ಕುಂಚ ಹಿಡಿಯಲಿಲ್ಲ, ಮನೆಯ ಬಾಗಿಲಿಗೂ ಬಣ್ಣ ಹಚ್ಚಲಿಲ್ಲ. ಸಾಯುವ ವಾರ ಮಗಳೊಬ್ಬಳಿಗೇ ಹೇಳಿದ್ದು.

"ನಾನು ಅವತ್ತೇ ಹುಟ್ಟದೆ ಇದ್ದಿದ್ರೆ ಅಪ್ಪ ಆ ಬಣ್ಣ ಹಚ್ತಿರಲಿಲ್ಲ," ಎಂದರಂತೆ ಅಜ್ಜಿ. "ಅದನ್ನ ನೋಡ್ಕೊಂಡು ಸಾಯಕ್ಕೆ ನಂಗಿಷ್ಟ ಇಲ್ಲ ತಾಯಿ. ತೆಗೆದುಬಿಡು."

ಹನ್ನೊಂದು ಬೆಳಗು ಮಸಿಯಕ್ಕ ಕಂಪ್ಯೂಟರ್ ಮುಂದೆ ಸುಮ್ಮನೆ ಕುಳಿತರು. ಅಳಿಸಿದರೆ ಸುಳ್ಳಾಗುತ್ತದೆ. ಒಂದು ತಿರುಪಿನ ಜಾಗ ತಪ್ಪಿದರೂ ಇಡೀ ರೆಕ್ಕೆ ಕೆಡವಿ ಮತ್ತೆ ಬರೆಯುವ ಹೆಂಗಸು. ಅಳಿಸದಿದ್ದರೆ, ಯಾವುದೋ ಮನೆಯಲ್ಲಿ ಒಬ್ಬ ಮುದುಕಿ ದಿನಾ ಅದನ್ನು ನೋಡಬೇಕು. "ಪಾಪ, ಅಳಿಸೇ," ಎಂದರು ಅತ್ತೆ. "ನೀವು ಸುಮ್ನಿರಿ ಅತ್ತೆ," ಎಂದರು ಇವರು. ಹನ್ನೆರಡನೆಯ ದಿನ ಅಜ್ಜಿಗೆ ತಾವೇ ಫೋನ್ ಮಾಡಿದರು.

"ಅಮ್ಮಾ, ನಾನು ಹತ್ತೊಂಬತ್ತು ವರ್ಷ ಬಸ್ಸಿಗೆ ಬೋರ್ಡ್ ಬರೆದವಳು ಅಂದೆ. ಊರಿನ ಹೆಸರು ಬರೆಯೋದು ಬಸ್ಸು ಹೊರಡೋಕೆ ಮುಂಚೆ. ತಲುಪಿದ ಮೇಲೆ ಯಾರೂ ಬೋರ್ಡ್ ಬರೆಯಲ್ಲ. ನಾನು ಬರೆದ ಬಸ್ಸುಗಳಲ್ಲಿ ಎರಡು ಆ ಊರು ಮುಟ್ಟಲಿಲ್ಲ, ಒಂದು ಘಾಟಿಯಲ್ಲಿ, ಒಂದು ಹೊಳೆಯಲ್ಲಿ. ನಾನೂ ಒಂದಷ್ಟು ದಿನ ಊಟ ಬಿಟ್ಟಿದ್ದೆ. ಆದ್ರೆ ಬೋರ್ಡ್ ಬರೆದದ್ದು ತಪ್ಪಾ? ನಿಮ್ಮಪ್ಪ ಅವರಿಗೆ ಬೋರ್ಡ್ ಬರೆದು ಕಳಿಸಿದ್ರು, ಎಲ್ಲಿಗೆ ಬರಬೇಕು ಅಂತ. ಅದನ್ನ ನಾನು ಹೇಗೆ ಅಳಿಸ್ಲಿ, ನೀವೇ ಹೇಳಿ."

ಅಜ್ಜಿ, ಇರಲಿ ಬಿಡು ಎಂದರು.

ಈಗ ಜನ ಇಳಿಸಿಕೊಂಡು ಹಾರಿಸುವ ವಿಮಾನದಲ್ಲಿ ಮಸಿ ಇಪ್ಪತ್ತಾರು ಪದರ, ಗುರುತು ಇಪ್ಪತ್ತೇಳು. ವಿವರದಲ್ಲಿ ದಿನಾಂಕ ಬರೆಯುವ ಜಾಗದಲ್ಲಿ "ಮುಸ್ಸಂಜೆ, ಹೊರಡುವ ಮುಂಚೆ" ಎಂದಿದೆ. ಕೊನೆಯ ಗುರುತು ಇನ್ನೂ ಹಸಿ.

"ಇಪ್ಪತ್ತೇಳು ಪದರದ ಹಳೇದನ್ನ ಏನ್ಮಾಡ್ತೀಯ ಅಂತ ಕೇಳಿದ್ರು ಅಜ್ಜಿ. ಬಿಸಾಕ್ತೀನಿ, ಅದು ತಪ್ಪು ಅಂದೆ. ಅದರಲ್ಲಿ ಅವರು ವಾಪಸ್ ಬಂದಿದಾರಲ್ವಾ ಅಂದ್ರು." ಮಸಿಯಕ್ಕ ಇಲ್ಲಿ ನಿಲ್ಲಿಸಿ ಕೆಮ್ಮುತ್ತಾರೆ. ಕೆಮ್ಮು ನಿಜವೋ ನೆಪವೋ ನಾನು ನೋಡಲು ಹೋಗುವುದಿಲ್ಲ. "ಅದನ್ನ ನಂಗೆ ಕೊಡು ಅಂದ್ರು. ಗುರುತನ್ನ ಒಣಗಿಸಿ ಕೊಟ್ಟೆ. ಬೇಕಂತಲೇ ತಪ್ಪು ಮಾಡಿದ್ದು ಅದೊಂದೇ."

ಮಸಿಯಕ್ಕನಿಗೆ ದೊಡ್ಡ ಆಸೆಗಳೇನೂ ಇಲ್ಲ. ಡಾಕ್ಟರ್ ಒಪ್ಪಿದರೆ ಒಂದು ಸಲ, ಕಿಟಕಿ ತೆರೆದಿಟ್ಟು, ಒಂದು ಡಬ್ಬಿ ಬಣ್ಣದ ಮುಚ್ಚಳ ತೆಗೆದು ವಾಸನೆ ನೋಡಬೇಕಂತೆ. "ಇನ್ನೂರ ಹದಿನಾಲ್ಕನ್ನೂ ಸರಿಯಾಗಿ ಬರೆದಿದೀನಿ. ಅದರಲ್ಲಿ ಒಬ್ಬರೂ ಬರಲಿಲ್ಲ," ಎಂದು ತಮಗೇ ಹೇಳಿಕೊಂಡಂತೆ ಹೇಳಿ, ಆ ತಪ್ಪು ಫೈಲನ್ನು ನನಗಾಗಿ ತೆರೆಯುತ್ತಾರೆ.

ಪರದೆಯ ಮೇಲೆ ನಸುಕು. ಮಸಿ ಹಿಡಿದ ಬಾಂಬರ್ ಎಂಜಿನ್ ಆರಿಸಿ ನಿಂತಿದೆ. ಗುರುತುಗಳು ಇಪ್ಪತ್ತೇಳು, ಎಲ್ಲವೂ ಒಣಗಿವೆ. ಖಾಲಿ ಲೋಟ ಒಯ್ಯಲು ಅತ್ತೆ ಬರುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ.

"ಬಂದ್ರಾ?"

"ಬಂದ್ರು ಅತ್ತೆ. ಏಳೂ ಜನ."

"ಮೊದಲೇ ಹೇಳಬಾರದೇನೇ," ಎನ್ನುತ್ತಾರೆ ಅತ್ತೆ. "ನಾನು ಎರಡೇ ಲೋಟ ಟೀ ಮಾಡಿದ್ದೆ." ನೀರಿಡಲು ಅಡುಗೆಮನೆಗೆ ಹೋಗುತ್ತಾರೆ.